ನಲವತ್ತೊಂದು ಉಬ್ಬು, ಒಂದು ತಗ್ಗಿದ ಕಾರು

ಮದುವೆಯಾಗಿ ಇಪ್ಪತ್ತಮೂರು ವರ್ಷ ತಲೆ ತಗ್ಗಿಸಿ ನೇರ ದಾರಿಯಲ್ಲಿ ನಡೆದ ಗಂಡ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಹಳಿ ತಪ್ಪಿದ. ಹೆಂಗಸಿನ ಹಿಂದೆ ಹೋಗಲಿಲ್ಲ, ಇಸ್ಪೀಟಿನ ಎಲೆ ಮುಟ್ಟಲಿಲ್ಲ. ಒಂದು ಕಾರು ತಂದ.

ಕೆಂಪು ಕಾರು. ಎರಡೇ ಬಾಗಿಲು. ಸ್ಟಾರ್ಟ್ ಮಾಡಿದರೆ ಅಡುಗೆಮನೆಯ ಕಪಾಟಿನಲ್ಲಿದ್ದ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಹಿಂದಿನ ಯಜಮಾನ ಯಾರೋ ಪುಣ್ಯಾತ್ಮ ಸ್ಪ್ರಿಂಗುಗಳನ್ನು ಬದಲಾಯಿಸಿ ಕಾರನ್ನು ನೆಲದತ್ತ ತಗ್ಗಿಸಿದ್ದ. ಡ್ರೈವರ್ ಸೀಟನ್ನು ತೆಗೆದು ರೇಸಿನ ಸೀಟು ಹಾಕಿ, ಬೋಲ್ಟಿನಿಂದ ಬಿಗಿದಿದ್ದ. ಅದು ಹಿಂದೆ ಸರಿಯುವುದಿಲ್ಲ, ಮುಂದೆ ಬಾಗುವುದಿಲ್ಲ. ಹಿಂದಿನ ಸೀಟಿಗೆ ಹೋಗಬೇಕಾದವರು ಪಕ್ಕದ ಸೀಟನ್ನು ಮಡಚಿ, ತಾವೂ ಮಡಚಿಕೊಂಡು ಒಳಗೆ ತೂರಬೇಕು. ಹಾಗೆ ತೂರುವ ಪಾಳಿ ಯಾವಾಗಲೂ ಹೆಂಡತಿಯದೇ, ಏಕೆಂದರೆ ಮುಂದಿನ ಸೀಟು ಮೊದಲ ದಿನವೇ ಅತ್ತೆಯವರ ಪಾಲಾಗಿತ್ತು.

ಹೆಂಡತಿ ನಗರಸಭೆಯ ರಸ್ತೆ ವಿಭಾಗದಲ್ಲಿ ಇಂಜಿನಿಯರ್. ಓಣಿಯವರಿಗೆಲ್ಲ ಇಂಜಿನಿಯರಮ್ಮ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು. ನಾಲ್ಕನೆಯ ಸಲ ಎಳೆಯಲು ಬೀದಿಯ ತುದಿಯಿಂದ ವಾಪಸು ಬರುವವಳು. ಊರಿನಲ್ಲಿ ವಾಹನಗಳ ವೇಗ ತಗ್ಗಿಸಲು ರಸ್ತೆಗೆ ಅಡ್ಡಲಾಗಿ ಹಾಕುವ ಉಬ್ಬುಗಳನ್ನು ಅಳೆದು ಒಪ್ಪುವುದು ಅವಳ ಕೆಲಸ. ನಿಯಮದ ಪ್ರಕಾರ ಉಬ್ಬಿನ ಎತ್ತರ ಹತ್ತು ಸೆಂಟಿಮೀಟರ್. ಅದಕ್ಕಾಗಿ ಅವಳ ಬಳಿ ಒಂದು ಅಳತೆ ಹಲಗೆ ಇತ್ತು: ಉದ್ದನೆಯ ಮರದ ಹಲಗೆ, ಕೆಳ ಅಂಚಿನಲ್ಲಿ ಉಬ್ಬಿನ ಆಕಾರಕ್ಕೆ ಸರಿಯಾಗಿ ಕಮಾನು ಕೊರೆದದ್ದು. ಉಬ್ಬಿನ ಮೇಲೆ ಅದನ್ನು ನಿಲ್ಲಿಸಿದಾಗ ಎರಡು ಪಾದಗಳೂ ರಸ್ತೆ ಮುಟ್ಟಿ, ಕಮಾನೂ ಉಬ್ಬಿಗೆ ಅಂಟಿ ಕೂತರೆ ಸಹಿ. ನಡುವೆ ಬೆಳಕು ಕಂಡರೆ ಇನ್ನಷ್ಟು ಡಾಂಬರು. ಹಲಗೆ ಜಾರದಿರಲೆಂದು ಪಾದಗಳಿಗೆ ರಬ್ಬರು ಕೂಡ ಬಡಿದಿದ್ದಳು. ಎಂಟು ವರ್ಷಗಳಲ್ಲಿ ಊರಿನಲ್ಲಿ ಎದ್ದ ನಲವತ್ತೊಂದು ಉಬ್ಬುಗಳಿಗೂ ಅವಳದೇ ಸಹಿ. ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಅವಳ ಒಂದು ಅಳತೆಗೂ ತಿದ್ದುಪಡಿ ಚೀಟಿ ಬಿದ್ದಿರಲಿಲ್ಲ. ಬೇರೆಯವರಿಗೆ ಒಡವೆ ಇರುತ್ತದಲ್ಲ, ಅವಳಿಗೆ ಅದಿತ್ತು.

ಅಂಥವಳ ಮನೆಗೆ ಅಂಥ ಕಾರು ಬಂತು.

ಬಂದ ದಿನವೇ ಅವಳು ಕರಾರುಪತ್ರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಒಂದು ವರ್ಷ ಈ ಕಾರನ್ನೇ ಮನೆಯ ಏಕೈಕ ವಾಹನವಾಗಿ ದಿನನಿತ್ಯ ಬಳಸಿ ನೋಡತಕ್ಕದ್ದು. ಈ ಅವಧಿಯಲ್ಲಿ ಹೊರಗಿನವರು ಬಂದು ಕಾರನ್ನು ಎತ್ತಬೇಕಾದ ಸ್ಥಿತಿ ಒಂದೇ ಒಂದು ಸಲ ಬಂದರೂ ಮಾರತಕ್ಕದ್ದು. ಗಂಡ ಸಹಿ ಹಾಕಿದ. ಸಾಕ್ಷಿಯಾಗಿ ಅತ್ತೆ ಸಹಿ ಹಾಕಿದರು. ಆದರೆ ಆ ಸಂಜೆಯೇ ಅತ್ತೆಯವರು ಕಾರಿನಿಂದ ಏಳಲಾಗದೆ ಪಕ್ಕದ ಮನೆಯ ಶಾಲಾ ಮೇಷ್ಟ್ರು ಬಂದು ಕೈ ಕೊಡಬೇಕಾಯಿತು. ಆಗ ಮೂರನೆಯ ಷರತ್ತು ಸೇರಿತು: 'ಎತ್ತುವುದು' ಎಂದರೆ ಕಾರನ್ನು, ಕಾರಿನೊಳಗಿಂದ ಅತ್ತೆಯವರನ್ನು ಎತ್ತುವುದು ಇದಕ್ಕೆ ಸೇರತಕ್ಕದ್ದಲ್ಲ.

"ಇಷ್ಟು ಚೆನ್ನಾಗಿ ಬರೀತೀಯಲ್ಲೇ, ನನ್ನನ್ನ ಬಾವಿ ಬಿಂದಿಗೆ ಮಾಡ್ಬಿಟ್ಯಲ್ಲ," ಎಂದರು ಅತ್ತೆ. ಕೂರಲು ಮಾತ್ರ ಮರುದಿನ ಮೊದಲು ಹೊರಟವರು ಅವರೇ. ಕಾರು ನಿಂತ ಕಡೆ ಜನ ತಿರುಗಿ ನೋಡುತ್ತಿದ್ದರು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅದು ಸುಮ್ಮನೆ ಸಿಗುವ ಭಾಗ್ಯವಲ್ಲ.

ಗಂಡ ಕನ್ನಡಕದ ಅಂಗಡಿಯವನು. ಮಿಲಿಮೀಟರಿನ ಲೆಕ್ಕದಲ್ಲಿ ಬದುಕುವವನು. ಕಾರಿನ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರವಿದೆ ಎಂದು ಮೊದಲ ದಿನವೇ ಮಲಗಿಕೊಂಡು ಅಳೆದಿದ್ದ: ಹನ್ನೊಂದು ಸೆಂಟಿಮೀಟರ್. "ನಿನ್ನ ಹಂಪ್ ಹತ್ತು. ನನ್ನದು ಹನ್ನೊಂದು. ಒಂದು ಉಳೀತಲ್ಲ, ಇನ್ನೇನು ಬೇಕು ಸಂಸಾರಕ್ಕೆ?" ಎಂದಿದ್ದ. ಆದರೆ ಮೊದಲ ಉಬ್ಬಿನ ಮೇಲೆಯೇ ಕಾರಿನ ಹೊಟ್ಟೆ 'ದರ್ರ್' ಎಂದಿತು. ಎರಡನೆಯದಕ್ಕೂ ಅಷ್ಟೇ. ವಾರದೊಳಗೆ ಅವನು ಉಬ್ಬು ಬಂದಾಗಲೆಲ್ಲ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುವ ವಿದ್ಯೆ ಕಲಿತ. ಎದುರಿನಿಂದ ಬರುವವರು ಇವನೇನು ರಸ್ತೆಗೆ ಅಡ್ಡ ಮಲಗುತ್ತಾನೋ ಎಂದು ನಿಂತು ನೋಡುತ್ತಿದ್ದರು.

"ಯಾವನೇ ಇದನ್ನ ಒಪ್ಪಿದ್ದು?" ಎಂದು ಒಂದು ದಿನ ತಡೆಯಲಾರದೆ ಕೂಗಿದ.

ಹಿಂದಿನ ಸೀಟಿನಿಂದ, ಗಲ್ಲಕ್ಕೆ ಮಂಡಿ ತಾಗಿಸಿಕೊಂಡೇ ಅವಳು ಹೇಳಿದಳು: "ನಾನೇ ರೀ."

ಮನೆಯಲ್ಲಿ ಹೇಳಿದರೆ ಜಗಳವಾಗುತ್ತದೆ ಎಂದು ಅವನು ನಗರಸಭೆಗೆ ದೂರು ಬರೆದ. ಅದು ಅವಳ ಮೇಜಿಗೇ ಬಂತು. ದೂರು ದೂರೇ. ಅವಳು ಹಲಗೆ ಹಿಡಿಸಿಕೊಂಡು ಹೋಗಿ ನೋಡಿ, ಎಲ್ಲರಿಗೂ ಬರೆಯುವಂತೆ ಬರೆದಳು: 'ಮಾನ್ಯರೇ, ತಾವು ಸೂಚಿಸಿದ ಉಬ್ಬನ್ನು ಪರಿಶೀಲಿಸಲಾಗಿದೆ. ಅಳತೆ ನಿಯಮಾನುಸಾರವಾಗಿದೆ.' ಅಂಚೆಯಣ್ಣ ಆ ಪತ್ರವನ್ನು ತಂದು ಅವಳ ಕೈಗೇ ಕೊಟ್ಟ. ಅವಳು ಗಂಡನ ಕೈಗೆ ಕೊಟ್ಟಳು. ಅವನು ಎರಡು ಸಲ ಓದಿದ. ಜಗಳ ಮಾಡಲಿಲ್ಲ. "ನಿನ್ನ ಸಹಿ ಇದೆ ಅಂದ್ಮೇಲೆ ಮುಗೀತು. ನನ್ನ ಸ್ಪ್ರಿಂಗೇ ಕೂತಿರಬೇಕು," ಎಂದು ಪತ್ರವನ್ನು ಮಡಚಿ ಕಾರಿನ ಕಾಗದಗಳ ಜೊತೆ ಇಟ್ಟುಕೊಂಡ. ಅವಳಿಗೆ ಗೆದ್ದ ಸಂತೋಷವಾಗಬೇಕಿತ್ತು. ಯಾಕೋ ಆ ರಾತ್ರಿ ಬೀಗವನ್ನು ಐದು ಸಲ ಎಳೆದಳು.

ಹೀಗೆ ಹನ್ನೊಂದು ತಿಂಗಳು ಕಳೆದವು. ಬೆಟ್ಟದ ಮೇಲಿನ ಆ ಊರಿಗೆ ಚಳಿಗಾಲ ಬಂತು.

ಈ ಕಾರಿನ ಟಯರುಗಳು ಬೇಸಿಗೆಯವು. ಬಿಸಿಲಲ್ಲಿ ರಸ್ತೆಯನ್ನು ಹಲ್ಲಿಯಂತೆ ಕಚ್ಚಿ ಹಿಡಿಯುವ ರಬ್ಬರು, ಚಳಿಗೆ ಕಲ್ಲಾಗುತ್ತದೆ. ಏಳು ಡಿಗ್ರಿಗಿಂತ ಕೆಳಗಾದರೆ ಜಾರುತ್ತದೆ ಎಂದು ಗಂಡ ಎಲ್ಲೋ ಓದಿ, ಅಂಗಳದಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿದ. ಸಂಜೆಯಾದರೆ ನಾಲ್ಕು ಚಕ್ರಗಳಿಗೂ ಕಂಬಳಿ ಹೊದಿಸುವುದು. ಬೆಳಿಗ್ಗೆ ಎದ್ದರೆ ಹಲ್ಲುಜ್ಜುವ ಮೊದಲು ಡಿಗ್ರಿ ನೋಡುವುದು.

"ನನಗೆ ಹೆರಿಗೆ ನೋವು ಬಂದಾಗ ನಿಮ್ಮಪ್ಪ ಇಷ್ಟು ಓಡಾಡಲಿಲ್ಲ ಕಣೋ," ಎಂದರು ಅತ್ತೆ.

ಮನೆಯಲ್ಲಿದ್ದದ್ದು ಐದು ಕಂಬಳಿ. ನಾಲ್ಕು ಚಕ್ರಕ್ಕೆ, ಒಂದು ಅತ್ತೆಗೆ. ಗಂಡ ಹೆಂಡತಿ ತೆಳು ಹೊದಿಕೆಯಲ್ಲಿ ಮುದುರಿದರು. ನಾಲ್ಕನೆಯ ದಿನ ಅವನಿಗೆ ಜ್ವರ ಬಂತು. ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಅಂಗಡಿಗೆ ಹೋಗುವ ಮಾತಿರಲಿ, ಹಾಸಿಗೆಯಿಂದ ಏಳುವ ಹಾಗೂ ಇರಲಿಲ್ಲ. ಆದರೆ ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಹಲ್ಲಿನ ಡಾಕ್ಟರರ ಹತ್ತಿರ ಅತ್ತೆಯವರಿಗೆ ಹೊಸ ಹಲ್ಲಿನ ಸೆಟ್ಟು ಕೂರಿಸುವುದಿತ್ತು. ಎರಡು ತಿಂಗಳು ಗಂಜಿ ಕುಡಿದು ಕಾದಿದ್ದ ದಿನ.

"ನೀನೇ ಕರ್ಕೊಂಡು ಹೋಗು," ಎಂದ ಗಂಡ ಕಂಬಳಿಯಿಂದ ಮೂಗನ್ನಷ್ಟೇ ಹೊರಗೆ ಹಾಕಿ. ಒಂದು ಚಕ್ರದ ಕಂಬಳಿ ಅವನಿಗೆ ಬಂದಿತ್ತು. "ಎಷ್ಟಿದೆ ಡಿಗ್ರಿ?"

"ಮೂರು."

"ಅಯ್ಯೋ. ನಿಧಾನ ಹೋಗು. ಬ್ರೇಕ್ ಒತ್ತಬೇಡ, ಮುಟ್ಟು ಅಷ್ಟೇ. ಹಂಪ್ ಬಂದ್ರೆ ಓರೆಯಾಗಿ..."

"ಓರೆ ಹೋದ್ರೆ ಎದುರಿನವರ ಜಾಗಕ್ಕೆ ನುಗ್ಗಿದ ಹಾಗೆ. ನಿಯಮ ಇದೆ ರೀ. ಹನ್ನೊಂದರಲ್ಲಿ ಹತ್ತು ಕಳೆದರೆ ಒಂದು. ನಿಧಾನ ಹೋದ್ರೆ ಯಾಕೆ ತಾಗುತ್ತೆ? ನೀವು ಬಿಟ್ಟ ಬಾಣದ ಹಾಗೆ ಹೋಗೋದಕ್ಕೇ ಅದು ತಾಗೋದು."

ಅವಳು ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು, ಸ್ಟೇರಿಂಗನ್ನು ಹಾವು ಹಿಡಿದಂತೆ ಹಿಡಿದು ಹೊರಟಳು. ಸೈಕಲ್ಲಿನವರು ದಾಟಿ ಹೋದರು. ನಾಯಿಯನ್ನು ಸುತ್ತಾಡಿಸುತ್ತಿದ್ದ ಒಬ್ಬಾತ ದಾಟಿ ಹೋದ. ಅತ್ತೆ ತಿರುಗಿ ನಾಯಿಯನ್ನು ನೋಡಿ, ಬೊಚ್ಚುಬಾಯಲ್ಲಿ ಏನೋ ಗೊಣಗಿಕೊಂಡರು. ಅವರ ಮನೆಯಿಂದ ಹೊರಟರೆ ಮೊದಲ ಉಬ್ಬು ಬರುವುದು ನಗರಸಭೆಯ ಕಚೇರಿಯ ಎದುರಿಗೇ. ಅವಳು ನೇರವಾಗಿ, ನಿಯಮಾನುಸಾರವಾಗಿ, ನಡಿಗೆಯ ವೇಗದಲ್ಲಿ ಮುಂದಿನ ಚಕ್ರಗಳನ್ನು ಹತ್ತಿಸಿ ಇಳಿಸಿದಳು.

'ದರ್ರ್' ಎನ್ನಲಿಲ್ಲ. 'ಗುಂಯ್ಕ್' ಎಂದಿತು. ಕಾರು ನಿಂತಿತು.

ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಗುಡುಗಿತು, ಚಕ್ರಗಳು ಗರಗರ ತಿರುಗಿದವು, ಕಾರು ಎಳ್ಳಷ್ಟೂ ಕದಲಲಿಲ್ಲ. ಹೊಟ್ಟೆ ಉಬ್ಬಿನ ಮೇಲೆ ಕೂತು ಭಾರವನ್ನೆಲ್ಲ ತಾನೇ ಹೊತ್ತುಕೊಂಡಿತ್ತು. ಕಲ್ಲಾದ ಟಯರುಗಳಿಗೆ ನೆಲದ ಹಿಡಿತವೇ ಇರಲಿಲ್ಲ. ಬೆನ್ನ ಮೇಲೆ ಬಿದ್ದ ಆಮೆ ಕೂಡ ಕಾಲಾಡಿಸುವಾಗ ಇಷ್ಟು ಸದ್ದು ಮಾಡುವುದಿಲ್ಲ. ಹಿಂದೆ ಒಂದು ಬಸ್ಸು ನಿಂತಿತು. ಅದರ ಹಿಂದೆ ಹಾಲಿನ ವ್ಯಾನು. ಆ ಬದಿಯಲ್ಲಿ ಕಚೇರಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

"ಬಂದ್ವಾ?" ಎಂದರು ಅತ್ತೆ.

"ಇಲ್ಲ ಅತ್ತೆ. ಸಿಕ್ಕಿಹಾಕಿಕೊಂಡ್ವಿ. ಇಳೀತೀರಾ?"

"ಮೂರನೇ ಷರತ್ತು ಇದೆಯಲ್ಲಮ್ಮ. ಎತ್ತೋರು ಬರಲಿ."

ಎತ್ತುವವರು ಬಂದರು. ಮೂಲೆಯಲ್ಲಿ ಗುಂಡಿ ಮುಚ್ಚುತ್ತಿದ್ದ ಡಾಂಬರು ಮೇಸ್ತ್ರಿ ತನ್ನ ಏಳು ಆಳುಗಳ ಸಮೇತ ಬಂದು ನಿಂತ. ನಲವತ್ತೊಂದು ಉಬ್ಬುಗಳನ್ನೂ ಹಾಕಿದ್ದವನು ಅವನೇ. ಬಗ್ಗಿ ನೋಡಿದ, ಟೋಪಿ ಎತ್ತಿ ತಲೆ ಕೆರೆದುಕೊಂಡ, ನಗು ಬಾರದಿರಲೆಂದು ಮೀಸೆಯನ್ನು ಕಚ್ಚಿಕೊಂಡ.

"ಮೇಡಂ, ನೀವು ಹಾಕಿಸಿದ ಹಂಪ್ ಮೇಲೆ ನೀವೇ ಕೂತ್ಬಿಟ್ರಲ್ಲ."

"ಮಾತು ಬೇಡ ಮೇಸ್ತ್ರಿ. ಎತ್ತಿ."

"ಅಜ್ಜಿ ಇಳೀಬೇಕಾ?"

"ಅಜ್ಜಿ ಯಾವನೋ ಅಂದವನು?" ಎಂದು ಒಳಗಿಂದ ಸದ್ದು ಬಂತು. ಅವರ ಸಮೇತ ಕಾರನ್ನು, ಪಲ್ಲಕ್ಕಿಯಂತೆ, ಎಂಟು ಜನ ಹೂಂಕಾರ ಹಾಕಿ ಎತ್ತಿ ಆಚೆ ಇಟ್ಟರು. ಕಿಟಕಿಗಳಿಂದ ಚಪ್ಪಾಳೆ ಬಿತ್ತು. ಅತ್ತೆ ಕೈಯೆತ್ತಿ ಸ್ವೀಕರಿಸಿದರು.

ಅವಮಾನದಿಂದ ಅವಳ ಕಿವಿ ಸುಡುತ್ತಿದ್ದರೂ ಒಳಗೊಳಗೆ ಒಂದು ತಂಪು ಹರಿಯಿತು. ಎರಡನೆಯ ಷರತ್ತು ಮುರಿದಿತ್ತು. ಹೊರಗಿನವರು, ಎಂಟು ಮಂದಿ, ಸಾಕ್ಷಿಯ ಕಣ್ಣೆದುರೇ ಕಾರನ್ನು ಎತ್ತಿದ್ದರು. ಕಾರು ಹೋಗುತ್ತದೆ. ಕಂಬಳಿಗಳು ಮನೆಯೊಳಗೆ ಬರುತ್ತವೆ. ಉಳಿದದ್ದು ಒಂದೇ, ಕಾಗದದ ಮೇಲೆ ಎಲ್ಲ ಸ್ಪಷ್ಟವಾಗಿರಬೇಕು: ತಪ್ಪು ಕಾರಿನದು, ಉಬ್ಬಿನದಲ್ಲ. ಉಗ್ರಾಣದಿಂದ ಹಲಗೆ ತರಿಸಿದಳು. ಉಬ್ಬಿನ ಮೇಲೆ ನಿಲ್ಲಿಸಿದಳು. ಎರಡು ಪಾದವೂ ನೆಲ ಮುಟ್ಟಿತು, ಕಮಾನು ಉಬ್ಬಿಗೆ ಅಚ್ಚು ಹೊಯ್ದಂತೆ ಕೂತಿತು.

"ನೋಡಿ ಅತ್ತೆ. ಸರಿಯಾಗಿದೆ."

"ಸರಿಯಾಗಿದ್ರೆ ಸರಿ. ನನ್ನ ಹಲ್ಲು?"

"ಹೊರಟೆ, ಬಂದೆ," ಎಂದು ಹಲಗೆಯನ್ನು ಎತ್ತಿಕೊಂಡಳು. ಎತ್ತಿಕೊಳ್ಳುವಾಗ ಬೆರಳು ಪಾದಕ್ಕೆ ತಾಗಿತು. ಮೆತ್ತಗಿತ್ತು.

ರಬ್ಬರು.

ಎಂಟು ವರ್ಷದ ಹಿಂದೆ, ಮೊದಲ ಉಬ್ಬು ಹಾಕುವ ಮುನ್ನ ಒಂದು ಮಳೆಯ ದಿನ, ಒದ್ದೆ ಡಾಂಬರಿನ ಮೇಲೆ ಹಲಗೆ ಜಾರಿ ಇದೇ ಮೇಸ್ತ್ರಿಯ ಕಾಲಿನ ಮೇಲೆ ಬಿದ್ದಿತ್ತು. ಅವನಿಗೆ ಏನೂ ಆಗಿರಲಿಲ್ಲ. ಅವಳು ಎರಡು ದಿನ ನಿದ್ದೆ ಮಾಡಿರಲಿಲ್ಲ. ಹಳೆಯ ಬಸ್ ಟಯರಿನಿಂದ ಎರಡು ತುಂಡು ಕತ್ತರಿಸಿ ತಾನೇ ಪಾದಗಳ ಅಡಿಗೆ ಬಡಿದಿದ್ದಳು. 'ಸುರಕ್ಷತೆಯ ದೃಷ್ಟಿಯಿಂದ ರಬ್ಬರ್ ಪಾದ ಅಳವಡಿಸಲಾಗಿದೆ' ಎಂದು ಕಡತದಲ್ಲಿ ಬರೆದಿದ್ದಳು. ಮೆಚ್ಚುಗೆಯ ಟಿಪ್ಪಣಿಯೂ ಬಂದಿತ್ತು. ಆಮೇಲೆ ಡಾಂಬರು ಮೆತ್ತಿ ಮೆತ್ತಿ ರಬ್ಬರೂ ಮರವೂ ಒಂದೇ ಬಣ್ಣವಾಗಿ, ಅದು ಅಲ್ಲಿರುವುದೇ ಮರೆತುಹೋಗಿತ್ತು.

ಹಲಗೆಯನ್ನು ರಸ್ತೆಯ ಮೇಲೆ ಬೋರಲು ಮಲಗಿಸಿ, ಚೀಲದಿಂದ ಉಕ್ಕಿನ ಅಳತೆಪಟ್ಟಿ ತೆಗೆದಳು. ಪಾದದಿಂದ ಪಾದಕ್ಕೆ ದಾರ ಹಿಡಿದು, ದಾರದಿಂದ ಕಮಾನಿನ ನಡುವಿಗೆ ಅಳೆದಳು. ಹನ್ನೆರಡು. ಇನ್ನೊಮ್ಮೆ ಅಳೆದಳು. ಹನ್ನೆರಡು. ರಬ್ಬರಿನ ದಪ್ಪ ಅಳೆದಳು. ಎರಡು. ಹಲಗೆ ಎರಡು ಸೆಂಟಿಮೀಟರ್ ಎತ್ತರಕ್ಕೆ ನಿಂತಿತ್ತು. ಎಂಟು ವರ್ಷ, ಸರಿಯಾಗಿದ್ದ ಉಬ್ಬುಗಳ ಮೇಲೆಲ್ಲ ಬೆಳಕು ಕಂಡಿತ್ತು. ಎಂಟು ವರ್ಷ ಅವಳು 'ಇನ್ನಷ್ಟು ಹಾಕಿ' ಎಂದಿದ್ದಳು.

ಯಾರೂ ನೋಡುತ್ತಿರಲಿಲ್ಲ. ಆಳುಗಳು ಚಹಾ ಕುಡಿಯಲು ಹೋಗಿದ್ದರು. ಕಿಟಕಿಗಳು ಮುಚ್ಚಿದ್ದವು. ಹಲಗೆಯನ್ನು ಉಗ್ರಾಣದಲ್ಲಿ ಇಟ್ಟುಬಿಟ್ಟರೆ ಮುಗಿಯಿತು: ಅವಳ ಸಹಿ ಉಳಿಯುತ್ತದೆ, ಕಾರು ಹೋಗುತ್ತದೆ. ಗಂಡ ಒಂದು ಮಾತೂ ಆಡುವುದಿಲ್ಲ. ಅದೇ ಕಷ್ಟ. ತನ್ನ ಕೈಯ ಅಳತೆಯನ್ನು ಬಿಟ್ಟು ಅವಳ ಸಹಿಯನ್ನು ನಂಬಿದವನು. ಆ ಪತ್ರ ಈಗಲೂ ಕಾರಿನ ಕಾಗದಗಳ ಜೊತೆ, ಅತ್ತೆಯ ಮಂಡಿಯ ಎದುರಿನ ಖಾನೆಯಲ್ಲಿ ಇತ್ತು. ಅವನೊಬ್ಬನಿಗೇ ಅಲ್ಲ. ಮೊಟ್ಟೆ ವ್ಯಾಪಾರಿ, ಆಂಬುಲೆನ್ಸಿನ ಡ್ರೈವರು, ಸೊಂಟ ಹಿಡಿದುಕೊಂಡ ಬಸ್ ಕಂಡಕ್ಟರು, ಒಟ್ಟು ಅರವತ್ತಮೂರು ಜನಕ್ಕೆ ಅವಳು ಬರೆದಿದ್ದಳು. ಅಳತೆ ನಿಯಮಾನುಸಾರವಾಗಿದೆ.

"ಮೇಸ್ತ್ರಿ," ಎಂದು ಕರೆದಳು. "ಮೊದಲನೇ ಹಂಪ್ ಹಾಕೋವಾಗ ನೀವು ಏನೋ ಅಂದಿದ್ರಿ. ಏನದು?"

ಮೇಸ್ತ್ರಿ ಚಹಾದ ಲೋಟ ಹಿಡಿದೇ ಬಂದ. "ಜಾಸ್ತಿ ಆಯ್ತು ಮೇಡಂ, ಅಂದೆ. ನೀವು ಹಲಗೆ ತೋರಿಸಿದ್ರಿ. ಹಲಗೆ ಹತ್ರ ವಾದ ಮಾಡೋಕಾಗುತ್ತಾ?"

"ಮಾಡಬೇಕಿತ್ತು ಮೇಸ್ತ್ರಿ."

"ನಿಮ್ಮ ಹತ್ರಾನಾ?" ಎಂದು ಅವನು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಅವಳು ಹಲಗೆಯನ್ನು ಉಗ್ರಾಣಕ್ಕೆ ಒಯ್ಯಲಿಲ್ಲ. ಅತ್ತೆಗೆ ಐದು ನಿಮಿಷ ಎಂದು ಕೈಸನ್ನೆ ಮಾಡಿ, ಹಲಗೆಯನ್ನು ಹೊತ್ತುಕೊಂಡೇ ಎರಡು ಮಹಡಿ ಹತ್ತಿ, ಮುಖ್ಯ ಇಂಜಿನಿಯರರ ಮೇಜಿನ ಮೇಲೆ ಮಲಗಿಸಿದಳು. ಅವರ ಪೆನ್ನಿನ ಸ್ಟ್ಯಾಂಡು ಉರುಳಿತು. ಎಲ್ಲವನ್ನೂ ಕ್ರಮವಾಗಿ, ದಿನಾಂಕ ಸಮೇತ ಹೇಳಿದಳು.

ನಿವೃತ್ತಿಗೆ ಏಳು ತಿಂಗಳು ಉಳಿದಿದ್ದ ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ಎರಡು ಸೆಂಟಿಮೀಟರ್ ತಾನೇ ಅಮ್ಮಾ? ರಬ್ಬರ್ ಕಿತ್ತು ಹಾಕಿ. ಇನ್ಮೇಲೆ ಹಾಕೋದು ಸರಿಯಾಗಿ ಹಾಕೋಣ. ಹಳೇದು ಯಾರಿಗೆ ಗೊತ್ತಾಗುತ್ತೆ?"

"ನಮ್ಮ ಕಾರಿಗೆ ಗೊತ್ತು ಸರ್."

ಹನ್ನೊಂದು ತಿಂಗಳಲ್ಲಿ ಅದನ್ನು ಅವಳು 'ನಮ್ಮ ಕಾರು' ಎಂದದ್ದು ಅದೇ ಮೊದಲು. ಹೇಳಿದ ಮೇಲೆ ಅವಳಿಗೇ ವಿಚಿತ್ರವೆನಿಸಿತು. ಮುಖ್ಯ ಇಂಜಿನಿಯರರು ಹಲಗೆಯನ್ನೂ ಅವಳ ಮುಖವನ್ನೂ ನೋಡಿ, ಇವಳು ಬಿಡುವ ಗಿರಾಕಿಯಲ್ಲ ಎಂದು ತಿಳಿದು, ತಿದ್ದುಪಡಿ ಚೀಟಿಗಳ ಪುಸ್ತಕವನ್ನು ಅವಳ ಮುಂದೆ ತಳ್ಳಿದರು. ಅದರ ಮೊದಲ ಹಾಳೆಯೂ ಖಾಲಿಯಿತ್ತು. ಅವಳು ಕೂತು ನಲವತ್ತೊಂದು ಚೀಟಿ ಬರೆಯುವ ಹೊತ್ತಿಗೆ ಕೆಳಗಿನಿಂದ ಕಾರಿನ ಹಾರನ್ನು ಎಡೆಬಿಡದೆ ಕೂಗತೊಡಗಿತ್ತು. ಅತ್ತೆ.

ಹಲ್ಲಿನ ಡಾಕ್ಟರರ ಬಳಿ ತಲುಪಿದಾಗ ಹನ್ನೊಂದು ಗಂಟೆ. ದಾರಿಯುದ್ದಕ್ಕೂ ಪ್ರತಿ ಉಬ್ಬಿನ ಮೇಲೂ ಅವಳು ಕಾರನ್ನು ಓರೆ ಮಾಡಿ ದಾಟಿಸಿದಳು, ಎದುರಿನವರಿಗೆಲ್ಲ ಕೈಮುಗಿಯುತ್ತಾ.

ಮನೆಗೆ ಬಂದಾಗ ಗಂಡ ಹಾಸಿಗೆಯಲ್ಲಿ ಎದ್ದು ಕೂತಿದ್ದ. ಸುದ್ದಿ ಆಗಲೇ ಮುಟ್ಟಿತ್ತು. "ಎತ್ತಿದ್ರಂತೆ," ಎಂದ ಸಣ್ಣ ದನಿಯಲ್ಲಿ. ಪಕ್ಕದಲ್ಲಿ ಫ್ರಿಜ್ಜಿನ ಮೇಲಿದ್ದ ಕರಾರುಪತ್ರ. ತಾನೇ ಬಿಚ್ಚಿ ತಂದಿಟ್ಟುಕೊಂಡಿದ್ದ. "ಭಾನುವಾರ ಯಾರನ್ನಾದರೂ ಕರೆಸಿ ತೋರಿಸ್ತೀನಿ. ಮಾತು ಮಾತೇ."

ಅವಳು ಮಂಚದ ಅಂಚಿಗೆ ಕೂತಳು. ಮುಖ್ಯ ಇಂಜಿನಿಯರರಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. "ರೀ... ನಿಮ್ಮ ಸ್ಪ್ರಿಂಗ್ ಕೂತಿಲ್ಲ. ನಿಮ್ಮ ಹನ್ನೊಂದು ಹನ್ನೊಂದೇ. ನನ್ನ ಹತ್ತು ಹನ್ನೆರಡು."

ಅವನು ಸೀನಿದ. "ಎಲ್ಲಾದೂನಾ?"

"ನಲವತ್ತೊಂದೂ."

"ಅಯ್ಯೋ ಪಾಪ," ಎಂದ ಗಂಡ. ಊರಿನವರಿಗೆ ಅಂದನೋ ಅವಳಿಗೆ ಅಂದನೋ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡ; ಅವನ ಕೈ ಜ್ವರದಿಂದ ಬೆಚ್ಚಗಿತ್ತು. ಬಾಗಿಲಲ್ಲಿ ನಿಂತಿದ್ದ ಸಾಕ್ಷಿ ಹೊಸ ಹಲ್ಲುಗಳನ್ನೆಲ್ಲ ತೋರಿಸುತ್ತಾ ತೀರ್ಪು ಕೊಟ್ಟಿತು: "ಎತ್ತಿದ್ದು ಹೌದು. ಆದ್ರೆ ತಪ್ಪು ಕಾರಿಂದಲ್ಲ. ತಪ್ಪು ಹಂಪಿನದಾದ್ರೆ ಎತ್ತಿದ್ದು ಲೆಕ್ಕಕ್ಕಿಲ್ಲ ಅಂತ ನಾಲ್ಕನೇ ಷರತ್ತು ಬರೀ. ಅದರ ಜೊತೆ ಐದನೇದೂ ಬರೀ, ಕಂಬಳಿ ಮನುಷ್ಯರಿಗೆ."

ಎರಡೂ ಬರೆಯಲ್ಪಟ್ಟವು.

ಅರವತ್ತಮೂರು ಕ್ಷಮಾಪಣೆ ಪತ್ರಗಳು ಆ ವಾರ ಅಂಚೆಗೆ ಬಿದ್ದವು. ಒಂದು ಅವರ ಮನೆಗೇ ಬಂತು. ಗಂಡ ಅದನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ, ದೃಷ್ಟಿ ಪರೀಕ್ಷೆಯ ಅಕ್ಷರಗಳ ಪಕ್ಕ, ನೇತುಹಾಕಬೇಕೆಂದಿದ್ದ. ಅವಳು ಒಂದು ನೋಟ ನೋಡಿದಳು. ಅವನು ಅದನ್ನೂ ಕಾರಿನ ಕಾಗದಗಳ ಜೊತೆ ಇಟ್ಟುಕೊಂಡ.

ಚಳಿ ಇಳಿದು ಬಿಸಿಲು ಬಂದ ಒಂದು ಮಧ್ಯಾಹ್ನ, ಮೇಸ್ತ್ರಿಯ ಆಳುಗಳು ಮೊದಲ ಉಬ್ಬನ್ನು ಕೆರೆದು ಮುಗಿಸಿದರು. ಕಾರು ಹೊರಟಿತು. ಗಂಡ ಸ್ಟೇರಿಂಗಿನಲ್ಲಿ, ಅತ್ತೆ ಪಕ್ಕದಲ್ಲಿ, ಹಿಂದೆ ಗಲ್ಲಕ್ಕೆ ಮಂಡಿ ತಾಗಿಸಿಕೊಂಡು ಇಂಜಿನಿಯರಮ್ಮ, ಕೈಯಲ್ಲಿ ಒಪ್ಪಿಗೆಯ ಹಾಳೆ ಹಿಡಿದು. ಕಚೇರಿಯ ಎದುರು ಗಂಡ ಓರೆ ಮಾಡಲಿಲ್ಲ. ನೇರವಾಗಿ ಹೋದ. ಅವಳು ಉಸಿರು ಹಿಡಿದಳು. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನದು ಹತ್ತಿತು, ಇಳಿಯಿತು.

"ಹಂಪ್ ಬಂತಾ?" ಎಂದರು ಅತ್ತೆ.

"ಹೋಯ್ತು ಅಮ್ಮ."

"ಗೊತ್ತೇ ಆಗಲಿಲ್ವಲ್ಲೋ!"

ಮೇಸ್ತ್ರಿ ರಸ್ತೆಬದಿಯಿಂದ ಟೋಪಿ ಬೀಸಿದ. ಗಂಡ ಕನ್ನಡಿಯಲ್ಲಿ ಅವಳನ್ನು ನೋಡಿ ಹುಬ್ಬು ಹಾರಿಸಿದ. "ಹಾಕು ಸಹಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಮುಚ್ಚಿದಳು.

"ನಿಲ್ಸಿ. ಒಂದು ಸಲ ಇಳಿದು ಅಳೀಬೇಕು."

"ಕಾರೇ ಹೇಳಿತಲ್ಲೇ!"

"ಕಾರು ತಾಗಲಿಲ್ಲ ಅಂತ ಹೇಳ್ತು. ಹತ್ತಿದೆ ಅಂತ ಹೇಳಲಿಲ್ಲ."

ಗಂಡ ನಿಟ್ಟುಸಿರು ಬಿಟ್ಟು ಕಾರು ನಿಲ್ಲಿಸಿದ. ಅವಳು ಇಳಿಯಬೇಕೆಂದರೆ ಮುಂದಿನ ಸೀಟು ಮಡಚಬೇಕು. ಮುಂದಿನ ಸೀಟು ಮಡಚಬೇಕೆಂದರೆ ಅತ್ತೆ ಇಳಿಯಬೇಕು. ಅವನು ಸುತ್ತಿ ಬಂದು ಬಾಗಿಲು ತೆಗೆದು ಎರಡೂ ಕೈ ಚಾಚಿದ. ಮೇಸ್ತ್ರಿ ಇನ್ನೊಂದು ಬದಿಗೆ ನಿಂತ.

"ಮೂರನೇ ಷರತ್ತು," ಎಂದರು ಅತ್ತೆ ಗಂಭೀರವಾಗಿ, ಕೈ ಮೇಲೆತ್ತಿ. "ಎತ್ತಿ."